ಗೋಲ್ಡ್‌ಫಿಶ್‌ಗೂ ಒಂದು ಕ್ಯಾಪ್ಸೂಲ್!

ಮೊನ್ನೆ ಆಫೀಸಿನಲ್ಲಿ ಊಟ ಮಾಡುವಾಗ ಗೆಳೆಯನೊಬ್ಬ ಮೊಬೈಲ್ ತೋರಿಸಿದ. 'ನೋಡೋ, ಮೀನು ಸಾಕೋರು ಹೊಂಡಕ್ಕೆಲ್ಲ ಆಂಟಿಬಯೋಟಿಕ್ ಸುರೀತಾರಂತೆ. ಈ ರೈತರಿಗೆ ಬುದ್ಧೀನೇ ಇಲ್ಲ.' ನಾನು ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದೆ. ಯಾಕಂದ್ರೆ ಹಿಂದಿನ ವಾರ ಅದೇ ಕೆಲಸ ನಾನೂ ಮಾಡಿದ್ದೆ.

ಮನೆಯ ಗೋಲ್ಡ್‌ಫಿಶ್‌ನ ಬಾಲ ಕೊಳೆಯುತ್ತಿತ್ತು. ಅಂಗಡಿಯವನು ಚೀಟಿ ಕೇಳದೆ ಟೆಟ್ರಾಸೈಕ್ಲಿನ್ ಕೊಟ್ಟ. ಬಿಚ್ಚಿ ಸುರಿದೆ, ನೀರು ಹಳದಿಯಾಯ್ತು. ಮೂರನೇ ದಿನ ಮೀನು ಚುರುಕಾದಂತೆ ಕಂಡಿತು. ಔಷಧಿ ನಿಲ್ಲಿಸಿ, ಆ ನೀರನ್ನು ಸಿಂಕಿಗೆ ಚೆಲ್ಲಿದೆ.

ಆಮೇಲೆ ಓದಿದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಟೆಟ್ರಾಸೈಕ್ಲಿನ್‌ಗೆ ಅಂಟಿಕೊಂಡು ಅದರ ಶಕ್ತಿ ಕುಗ್ಗಿಸುತ್ತವೆ. ನಮ್ಮ ಬೋರ್‌ವೆಲ್ ನೀರು ಎಂಥದ್ದು ಅಂತ ಬಕೆಟ್ಟಿನ ಬಿಳಿ ಕರೆಯೇ ಹೇಳುತ್ತೆ. ಅಂದರೆ ಬ್ಯಾಕ್ಟೀರಿಯಾ ಸಾಯುವಷ್ಟು ಔಷಧಿ ಸಿಗಲಿಲ್ಲ, ಪಳಗುವಷ್ಟು ಸಿಕ್ಕಿತು. ಕಡಿಮೆ ಡೋಸ್‌ನ ಈ ಅಪಾಯವನ್ನು ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಹೇಳಿದ್ದರು.

ಏರೋಮೊನಾಸ್‌ನಂಥ ಮೀನಿನ ಬ್ಯಾಕ್ಟೀರಿಯಾ ತನ್ನ ನಿರೋಧಕ ಜೀನನ್ನು ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದ ಮೂಲಕ ಬೇರೆ ಜಾತಿಯ ಬ್ಯಾಕ್ಟೀರಿಯಾಗೂ ದಾಟಿಸಬಲ್ಲದು. ನಾವು ಒಂದು ಪ್ರಾಜೆಕ್ಟಿನ ಕೋಡನ್ನು ಇನ್ನೊಂದಕ್ಕೆ ಎತ್ತಿ ಹಾಕ್ತೀವಲ್ಲ, ಹಾಗೆ. ನಾಳೆ ಐಸಿಯುನಲ್ಲಿ ಯಾರದೋ ಅಪ್ಪನಿಗೆ ಔಷಧಿ ನಾಟದಿದ್ದರೆ ಅದರ ಹಿಂದೆ ಇಂಥ ಕಾಪಿ-ಪೇಸ್ಟ್ ಇರಬಹುದು.

ರೈತರ ತಪ್ಪೇ ಇಲ್ಲ ಅಂತಲ್ಲ. ಆದರೆ ಸಿಗಡಿ ಸಾಕಣೆಯಲ್ಲಿ ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್‌ಗೆ ನಿಷೇಧವಿದೆ. 2019ರಲ್ಲಿ ಕೊಲಿಸ್ಟಿನ್ನನ್ನೂ ಸಾಕಣೆಯಿಂದ ಹೊರಗಿಟ್ಟರು. ರಫ್ತಾದ ಸಿಗಡಿಯಲ್ಲಿ ನಿಷೇಧಿತ ಔಷಧಿಯ ಅಂಶ ಸಿಕ್ಕರೆ ಯುರೋಪಿನವರು ವಾಪಸ್ ಕಳಿಸ್ತಾರೆ. ನಮ್ಮ ಗಾಜಿನ ಪೆಟ್ಟಿಗೆಯನ್ನು ಯಾರು ಪರೀಕ್ಷೆ ಮಾಡ್ತಾರೆ?

'ನನ್ನ ತೊಟ್ಟಿ ಎಷ್ಟು ಮಹಾ ದೊಡ್ಡದು?' ಅಂತೀರಾ? ಹೊಂಡದ ಮುಂದೆ ಚಿಕ್ಕದೇ, ಒಪ್ಪಿದೆ. ಆದರೆ ಹೊಂಡದವನಿಗೆ ಮೀನು ಸತ್ತರೆ ಸಾಲದ ಕಂತು ತಪ್ಪುತ್ತೆ. ನಮಗೆ ಏನು ತಪ್ಪುತ್ತೆ, ಹಾಲ್‌ನ ಅಂದವೇ?

ಬಾಲ ಕೊಳೆಯೋದು ಹೆಚ್ಚಾಗಿ ನೀರು ಕೆಟ್ಟಾಗ. ಮೊದಲು ನೀರು ಬದಲಿಸಿ. ಹೊಸ ಮೀನನ್ನು ಕೆಲವು ವಾರ ಬೇರೆ ಇಡಿ. ಕೈಗೆ ಗಾಯ ಇದ್ದರೆ ತೊಟ್ಟಿಗೆ ಕೈ ಹಾಕಬೇಡಿ. ಔಷಧಿ ಬೇಕೇ ಬೇಕಾದರೆ ಪಶುವೈದ್ಯರನ್ನು ಕೇಳಿ. ಚೀಟಿ ಇಲ್ಲದೆ ಕೊಡುವ ಅಂಗಡಿಯಲ್ಲಿ ಕೊಳ್ಳಬೇಡಿ.

ಇಷ್ಟನ್ನೂ ಮಾಡೋಕೆ ಆಗಲ್ಲ ಅಂದ್ರೆ ಮೀನು ಸಾಕಬೇಡಿ. ಕನಿಷ್ಠಪಕ್ಷ ಊಟದ ಟೇಬಲ್ಲಿನಲ್ಲಿ ಕೂತು ರೈತರಿಗೆ ಬುದ್ಧಿ ಹೇಳಬೇಡಿ.