ಶರಾವತಿ ಅಳಿವೆಗೆ ಎಷ್ಟು ಆಳ ಬೇಕು?

ಹೊನ್ನಾವರದಲ್ಲಿ ವಾಣಿಜ್ಯ ಬಂದರು ಆಗಲಿ ಎನ್ನುವವರು ಮೊದಲು ತೆಗೆಯುವುದು ಇತಿಹಾಸ. ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಾಲದಲ್ಲಿ ಘಟ್ಟದ ಕಾಳುಮೆಣಸು ಇಲ್ಲಿಂದಲೇ ಹಡಗು ಹತ್ತುತ್ತಿತ್ತು. ಈಗ ಕೊಂಕಣ ರೈಲು ಇದೆ, ಹೆದ್ದಾರಿ 66 ಇದೆ, ಘಟ್ಟ ಹತ್ತಿದರೆ ಶಿವಮೊಗ್ಗ. ಇಷ್ಟೆಲ್ಲ ಇದ್ದೂ ಓದಿದ ಹುಡುಗರು ಬೆಂಗಳೂರು, ಗೋವಾ, ಕೊಲ್ಲಿ ಎಂದು ಊರು ಬಿಡುತ್ತಾರೆ. ಈ ಕೊರಗು ಸುಳ್ಳಲ್ಲ.

ನದಿಯ ತೆಂಕಣ ದಡದ ಕಾಸರಕೋಡು ಟೊಂಕದಲ್ಲಿ ನಿಂತರೆ ಲೆಕ್ಕ ಬೇರೆಯಾಗುತ್ತದೆ. ಮಳೆ ನಿಂತ ಮೇಲೆ ಅಲ್ಲಿನ ಮರಳಿನ ಮೇಲೆ ಬಂಗಡೆ, ತಾರಲೆ, ಸಣ್ಣ ಸೀಗಡಿ ಒಣಗುತ್ತವೆ. ಹರವುವುದು, ಮಗುಚುವುದು, ಕಾಗೆ ಓಡಿಸುವುದು ಹೆಚ್ಚಾಗಿ ಹೆಂಗಸರ ಕೆಲಸ. ಇದಕ್ಕೆ ಬೇಕಾದ ಬಂಡವಾಳ ಬಿಸಿಲು ಮತ್ತು ಬಯಲು. ಬಯಲು ಅವರ ಹೆಸರಿನ ಪಹಣಿಯಲ್ಲಿಲ್ಲದಿದ್ದರೆ ಪರಿಹಾರದ ಪಟ್ಟಿಯಲ್ಲಿ ಅದಕ್ಕೆ ಬೆಲೆಯೂ ಇಲ್ಲ. ಬಂದರು ವಿರೋಧದ ಸಿಟ್ಟಿನ ಬೇರು ಇಲ್ಲಿದೆ. ಕಡಲಾಮೆ ಮೊಟ್ಟೆಯಿಡುವ ದಂಡೆಯೂ ಇದೇ ಎಂಬುದು ಆಮೇಲಿನ ಮಾತು.

ಹಾಗೆಂದು ಮೀನುಗಾರರಿಗೆ ಯಾವ ಕಾಮಗಾರಿಯೂ ಬೇಡ ಎನ್ನುವುದು ತಪ್ಪು. ಅಳಿವೆಯಲ್ಲಿ ಹೂಳು ತುಂಬಿ ದಿಬ್ಬ ಎದ್ದರೆ ಮೊದಲು ಪೆಟ್ಟು ತಿನ್ನುವುದು ಅವರ ಬೋಟು. ಇಳಿತದ ಹೊತ್ತಿನಲ್ಲಿ ತಳ ತಾಗಿದರೆ ಹಿಂದಿನ ಅಲೆ ಮಗುಚಿ ಹಾಕುತ್ತದೆ. ಹೂಳೆತ್ತಿ ಎಂದು ಕೇಳುವವರಲ್ಲಿ ಅವರೂ ಇದ್ದಾರೆ.

ಅನುಮಾನಕ್ಕೆ ಹಳೆಯ ಕಾರಣವೂ ಉಂಟು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ನಾಡಿಗೆ ವಿದ್ಯುತ್ ಬಂತು. ಟರ್ಬೈನು ತಿರುಗಿಸಿದ ಸಿಹಿನೀರು ಬೇಸಿಗೆಯಲ್ಲೂ ಕೆಳಗಿಳಿದು ಅಳಿವೆಯ ಉಪ್ಪು ತೆಳುವಾಯಿತು, ಚಿಪ್ಪುಮೀನು ಸೊರಗಿತು. ಪಕ್ಕದ ಅಘನಾಶಿನಿಗೆ ಅಣೆಕಟ್ಟಿಲ್ಲ. ಅಲ್ಲಿ ಚಿಪ್ಪು ಹೆಕ್ಕಿ ಬದುಕುವ ಮನೆಗಳು ಇಂದಿಗೂ ಬಹಳ. ಒಂದು ಅಭಿವೃದ್ಧಿಯ ಬಾಕಿಯನ್ನು ಟೊಂಕದವರು ಆಗಲೇ ತೀರಿಸಿದ್ದಾರೆ.

ಬಂದರಿನ ಪರ ವಾದ ಸಡಿಲವಾಗುವುದು ಸರಕಿನ ವಿಷಯದಲ್ಲಿ. ಈ ಕರಾವಳಿಯ ಕಿರುಬಂದರುಗಳ ಆಸೆಯೆಲ್ಲ ಬಳ್ಳಾರಿ ಅದಿರಿನ ಮೇಲಿತ್ತು. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. 2022ರಲ್ಲಿ ಸುಪ್ರೀಂ ಕೋರ್ಟ್ ದಾರಿ ತೆರೆದರೂ ಘಟ್ಟ ದಾಟಿಸುವ ಹುಬ್ಬಳ್ಳಿ–ಅಂಕೋಲಾ ರೈಲು ಇನ್ನೂ ಆಗಿಲ್ಲ. ಗೇರುಸೊಪ್ಪೆ ಘಾಟಿಯ ತಿರುವುಗಳಲ್ಲಿ ಲಾರಿಯಲ್ಲೇ ಸರಕು ಇಳಿಸಿ ಬಂದರು ಲಾಭಕ್ಕೆ ಬರುತ್ತದೆಂದರೆ ನನಗೆ ನಂಬಿಕೆ ಬಾರದು.

ಬೋಟಿಗೆ ಬೇಕಾದ ಆಳ ಬೇರೆ, ಹಡಗಿಗೆ ಬೇಕಾದ ಆಳ ಬೇರೆ. ಮೊದಲನೆಯದನ್ನು ಈಗಲೇ ಮಾಡಬಹುದು. ಎರಡನೆಯದಕ್ಕೆ ಉದ್ದದ ತಡೆಗೋಡೆ ಬೇಕು. ಅದು ದಂಡೆಗುಂಟ ಸಾಗುವ ಮರಳನ್ನು ಒಂದು ಮಗ್ಗುಲಲ್ಲಿ ಹಿಡಿದು ಇನ್ನೊಂದು ಮಗ್ಗುಲನ್ನು ಕೊರೆಯುತ್ತದೆ. ಕೊರೆಯುವುದು ಯಾರ ಮನೆಯ ಮುಂದೆ ಎಂದು ನಕ್ಷೆಯಲ್ಲಿ ತೋರಿಸಿ, ಸರಕು ಎಲ್ಲಿಂದ ಬರುತ್ತದೆಂದು ಹೇಳಿ, ಆಮೇಲೆ ಟೊಂಕದವರ ಸಭೆ ಕರೆಯಲಿ.