ಗಣಕಯಂತ್ರಕ್ಕೆ ಕನ್ನಡವನ್ನು ಕೂಡಿಸುವವರು ಯಾರು?

ಬಿಡಿಭಾಗಗಳನ್ನು ತಂದು ಗಣಕಯಂತ್ರವನ್ನು ತಾವೇ ಜೋಡಿಸಿಕೊಳ್ಳುವುದು ವಿಜ್ಞಾನ ವಿಭಾಗದವರ ಹವ್ಯಾಸವೆಂದು ನಮ್ಮ ವಿದ್ಯಾರ್ಥಿಗಳು ಭಾವಿಸಿದ್ದಾರೆ. ಐಚ್ಛಿಕ ಕನ್ನಡದವರೂ ಒಮ್ಮೆಯಾದರೂ ಆ ಕೆಲಸಕ್ಕೆ ಕೈಹಚ್ಚಬೇಕೆಂಬುದು ನನ್ನ ಅಭಿಪ್ರಾಯ.

ಅದರಲ್ಲಿ ಸುಖವಿದೆ. ಪ್ರೊಸೆಸರಿನ ಮೂಲೆಯ ಪುಟ್ಟ ತ್ರಿಕೋನವನ್ನು ಮದರ್‌ಬೋರ್ಡಿನ ಗುರುತಿಗೆ ಹೊಂದಿಸಿದರೆ ಅದು ಒತ್ತಾಯವಿಲ್ಲದೆ ಕುಳಿತುಕೊಳ್ಳುತ್ತದೆ. ಮೇಲೆ ತೊಗರಿಕಾಳಿನಷ್ಟು ಥರ್ಮಲ್ ಪೇಸ್ಟು, ಅದರ ಮೇಲೆ ಫ್ಯಾನು. ಬೇಸರವೂ ಇದೆ. ಎಲ್ಲವನ್ನೂ ಜೋಡಿಸಿ ಸ್ವಿಚ್ಚು ಒತ್ತಿದರೆ ಫ್ಯಾನು ತಿರುಗುತ್ತದೆ, ಪರದೆ ಮಾತ್ರ ಕಪ್ಪಗೇ ಇರುತ್ತದೆ. ಬಹಳ ಸಲ ಕಾರಣ ಇಷ್ಟೇ: ರ‍್ಯಾಮ್ ಪಟ್ಟಿ ‘ಟಕ್’ ಎಂದು ಪೂರ್ತಿ ಕುಳಿತಿರುವುದಿಲ್ಲ. ತೆಗೆದು ಮತ್ತೆ ಒತ್ತಿದರೆ ಪರದೆ ಬೆಳಗುತ್ತದೆ.

ಅಲ್ಲಿಗೆ ಯಂತ್ರ ಸಿದ್ಧವಾಯಿತೆಂದು ಅಂಗಡಿಯವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಆ ಯಂತ್ರಕ್ಕೆ ಬರುವುದು ಇಂಗ್ಲಿಷ್ ಒಂದೇ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ನಮ್ಮ ವಿದ್ಯಾರ್ಥಿಗಳು ಕಿರುಪ್ರಬಂಧವನ್ನು ಕೈಯಲ್ಲಿ ಬರೆದು ಟೈಪಿಂಗ್ ಅಂಗಡಿಗೆ ಒಯ್ಯುತ್ತಾರೆ. ಅಲ್ಲಿ ಮರಾಠಿ ಬಲ್ಲವರು ಕನ್ನಡವನ್ನು ಚಿತ್ರದಂತೆ ನೋಡಿ ಟೈಪು ಮಾಡುತ್ತಾರೆ. ಮರಾಠಿ ಬರವಣಿಗೆಯಲ್ಲಿ ಎಕಾರ ಏಕಾರಗಳ ಭೇದವಿಲ್ಲ. ರೈತ ಬೆಳೆದ ‘ಬೆಳೆ’ ಮುದ್ರಣದಲ್ಲಿ ‘ಬೇಳೆ’ಯಾಗಿ ಬಂದರೆ ಅವರನ್ನು ದೂರಿ ಫಲವೇನು? ಪುಟದ ಲೆಕ್ಕದಲ್ಲಿ ಹಣ ತೆತ್ತು, ತಿದ್ದುಪಡಿಗಾಗಿ ಮತ್ತೆ ಅಲೆಯುವವರು ನೀವು. ಆ ಕಡತ ಹಳೆಯ ಫಾಂಟಿನಲ್ಲಿದ್ದರಂತೂ ಬೇರೆ ಯಂತ್ರದಲ್ಲಿ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಯೂನಿಕೋಡ್ ಪ್ರಕಟವಾದದ್ದು 1991ರಲ್ಲಿ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಇಂದಿಗೂ ನಾವು ಈ ರಾಶಿಯ ಮುಂದೆ ಕೂರಬೇಕೆ?

ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಬರುತ್ತದಲ್ಲ ಸರ್, ಎನ್ನುತ್ತೀರಿ. ಸಂದೇಶಕ್ಕೆ ಅದು ಸಾಕು. ಆದರೆ ಅಲ್ಲಿ ಲಕಾರ ಳಕಾರಗಳನ್ನು ಊಹಿಸುವುದು ಯಂತ್ರ. ಭಾಷೆಯನ್ನು ಓದುತ್ತಿರುವವರು ಊಹೆಯನ್ನು ಯಂತ್ರಕ್ಕೆ ಬಿಟ್ಟುಕೊಡಬಾರದು. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ‘ನುಡಿ’ಯ ಕೀಲಿಮಣೆಯನ್ನು ಬಲ್ಲವರು ಅದನ್ನೇ ಮುಂದುವರಿಸಲಿ. ಹೊಸದಾಗಿ ಕಲಿಯುವ ಗಡಿನಾಡಿನವರಿಗೆ ನನ್ನ ಆಯ್ಕೆ ಇನ್‌ಸ್ಕ್ರಿಪ್ಟ್. ವಿಂಡೋಸಿನ ಭಾಷಾ ವಿಭಾಗದಲ್ಲಿ ಕನ್ನಡವನ್ನೂ ಮರಾಠಿಯನ್ನೂ ಸೇರಿಸಿಕೊಂಡರಾಯಿತು, ಹಣ ಬೇಕಿಲ್ಲ. ವಿಂಡೋಸ್ ಕೀಲಿಯೊಂದಿಗೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ.

ಈ ವಿನ್ಯಾಸದಲ್ಲಿ ಭಾರತೀಯ ಲಿಪಿಗಳ ಸಮಾನ ಅಕ್ಷರಗಳಿಗೆ ಒಂದೇ ಕೀಲಿ. ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಮಟ್ಟಿಗೆ ಬಲಗೈಗೆ. ಒತ್ತಕ್ಷರ ಬೇಕಾದರೆ ವ್ಯಂಜನ, ಹಲಂತ, ಮತ್ತೆ ವ್ಯಂಜನ: ವ್ಯಾಕರಣದ ತರಗತಿಯಲ್ಲಿ ನೀವು ಬಿಡಿಸಿದ ಕ್ರಮವೇ. ನನ್ನಂತೆ ಎರಡೂ ಭಾಷೆಗಳಲ್ಲಿ ಓದಿ ಬೆಳೆದವರಿಗೆ ಇದಕ್ಕಿಂತ ಅನುಕೂಲ ಬೇರೆ ಯಾವುದಿದೆ? ಮರಾಠಿಯಲ್ಲಿ ‘ಅಕ್ಕಲಕೋಟ’ ಎಂದು ಬರೆಯಲು ಎಂಟು ಒತ್ತು. ಕನ್ನಡದಲ್ಲಿಯೂ ಅವೇ ಎಂಟು, ಅದೇ ಕೀಲಿಗಳಲ್ಲಿ. ಕೊನೆಗೆ ‘ಅಕ್ಕಲಕೋಟೆ’ ಆಗಬೇಕಾದರೆ ಮರಾಠಿಗೆ ಬೇಡದ ಹ್ರಸ್ವ ಎಕಾರದ ಕೀಲಿಯೊಂದನ್ನು ಹೆಚ್ಚಾಗಿ ಒತ್ತಬೇಕು. ಆ ಕೀಲಿಯನ್ನು ಹುಡುಕುವ ಬೆರಳು ಬೆಳೆ, ಬೇಳೆಗಳನ್ನೂ ಬೇರ್ಪಡಿಸಲು ಕಲಿಯುತ್ತದೆ.

ಮೊದಲ ವಾರ ಬೆರಳು ತಡವರಿಸುತ್ತದೆ, ಪುಟವೊಂದಕ್ಕೆ ಗಂಟೆ ಹಿಡಿಯುತ್ತದೆ. ಹಿಡಿಯಲಿ. ಬರುವ ಸತ್ರದಿಂದ ಕಿರುಪ್ರಬಂಧವನ್ನು ವಿದ್ಯಾರ್ಥಿಗಳೇ ಟೈಪು ಮಾಡಿ ಒಪ್ಪಿಸಬೇಕೆಂದು ವಿಭಾಗವು ನಿಯಮ ಮಾಡಲಿ. ಮನೆಯಲ್ಲಿ ಯಂತ್ರವಿಲ್ಲದವರಿಗೆ ಮಧ್ಯಾಹ್ನದ ಹೊತ್ತು ವಿಭಾಗದ ಯಂತ್ರವನ್ನು ಬಿಟ್ಟುಕೊಡಲಿ.