ಅಜ್ಜಿಯ ಹಿತ್ತಿಲು: ನಾಳೆಗೆ 21 ದಿನ
ನಮ್ಮ ಹೇಟೆ ಮಂಕರಿಯಲ್ಲಿ ಕಾವಿಗೆ ಕೂತು ಇವತ್ತಿಗೆ 20 ದಿನ. ಒಂಬತ್ತು ಮೊಟ್ಟೆ, ಎರಡು ಪಕ್ಕದ ಮನೆಯ ಗಿರಿರಾಜ ಕೋಳಿಯವು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಬೆಳೆಸಿದ ಆ ತಳಿ ಮೊಟ್ಟೆಯಿಡಲು ಮುಂದು, ಕಾವು ಕೂರಲು ಮಾತ್ರ ಹಿಂದು! ಅದಕ್ಕೇ ನಾಟಿ ಕೋಳಿಯ ಅಡಿಯಲ್ಲಿಟ್ಟದ್ದು.

ಮಕ್ಕಳೇ, ಚಿಪ್ಪು ಬಿರಿದಾಗ ಕೈ ಹಾಕಬೇಡಿ. ಕೊಕ್ಕಿನ ತುದಿಯ ಹಲ್ಲಿನಂಥ ಪುಟ್ಟ ಮುಳ್ಳಿನಿಂದ ಮೊದಲ ತೂತು ಕೊರೆದ ಮರಿ ಗಂಟೆಗಟ್ಟಲೆ ಸುಮ್ಮನಿರುತ್ತದೆ. ದಣಿಯಿತೇನೋ ಅನ್ನಿಸುತ್ತದೆ. ಒಳಪೊರೆಯ ರಕ್ತವನ್ನೂ ಉಳಿದ ಹಳದಿಯನ್ನೂ ಅದು ಮೈಯೊಳಗೆ ಎಳೆದುಕೊಳ್ಳುವುದು ಆಗಲೇ. ಕಳೆದ ಸಲ ಮೊಮ್ಮಗಳು ಕನಿಕರಪಟ್ಟು ಚಿಪ್ಪು ಸುಲಿದಳು. ರಕ್ತ ಸೋರಿ ಮರಿ ಉಳಿಯಲಿಲ್ಲ. ಬೈಯಲಿಲ್ಲ ನಾನು. ಅವಳ ವಯಸ್ಸಿನಲ್ಲಿ ನಾನೂ ಅದನ್ನೇ ಮಾಡಿದ್ದೆ.

ಈ ಸಲ ಕಾವಲು ಅವಳದೇ. ಮಂಕರಿಯ ಮುಂದೆ ಮಣೆ ಹಾಕಿಕೊಂಡು, ಈಗಲೇ ಎರಡೂ ಕೈ ಕಟ್ಟಿ ಕೂತಿದ್ದಾಳೆ.